ಮೆಟ್ಟಿಲ ಕೆಳಗಿನ ಡ್ಯೂಟಿ

ಇವತ್ತು ಬೆಳಿಗ್ಗೆಯಿಂದ ಆದ ಕೆಲಸ ಇಷ್ಟು: ಐದೂವರೆಗೆ ಎದ್ದು ನಲ್ಲಿ ತಿರುವಿ ನೋಡಿದೆ, ನೀರು ಬಂದಿತ್ತು, ತೊಟ್ಟಿ, ಎರಡು ಡ್ರಮ್ಮು, ಕುಡಿಯೋ ನೀರಿನ ಕೊಡ ತುಂಬಿಸಿಕೊಂಡೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ಹಾಲು ಕಾಯಿಸಿದೆ. ಮಂಡಕ್ಕಿ ನೆನೆಸಿ ಒಗ್ಗರಣೆ ಕೊಟ್ಟೆ. ಕುಕ್ಕರಿನ ರಬ್ಬರು ಸಡಿಲಾಗಿ ಸೀಟಿ ಕೂಗುತ್ತಿರಲಿಲ್ಲ, ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆದ ಮೇಲೆ ಕೂಗಿತು. ಎರಡು ಸೀರೆಗೆ ಫಾಲ್ಸ್ ಹೊಲಿದೆ, ಒಂದು ರವಿಕೆಗೆ ಹುಕ್ಕು ಹಚ್ಚಿದೆ. ಜೋಳ ಹಸನು ಮಾಡಿ ಡಬ್ಬಿಗೆ ತುಂಬಿದೆ. ಪಕ್ಕದ ಮನೆಯ ಅಕ್ಕನಿಗೆ ಮಂಡಿ ನೋವು, ಬಗ್ಗಲಾಗದು. ಹಾಗಾಗಿ ಅವರ ಅಂಗಳವನ್ನೂ ನಾನೇ ಗುಡಿಸಿದೆ.

ಆ ಅಂಗಳ ಗುಡಿಸುವಾಗಲೆಲ್ಲ ಅಕ್ಕನ ಯಜಮಾನರು ನೆನಪಾಗುತ್ತಾರೆ. ಹೋದ ಕಾರ್ತೀಕದಲ್ಲಿ ತೀರಿಕೊಂಡರು. ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಬೀದಿಗೆಲ್ಲ ಅವರು ಅಣ್ಣಾರು, ಹೆಂಡತಿಗೆ "ರೀ", ಮೊಮ್ಮಗಳಿಗೆ ತಾತ. ಇಲ್ಲಿಯೂ ಅಣ್ಣಾರು ಎಂದೇ ಇರಲಿ.

ಸರಸ್ವತಿ ನಗರದ ಈ ಬೀದಿಗೆ ನಾವು ಬಂದು ಹದಿನಾಲ್ಕು ವರ್ಷವಾಯಿತು. ಬಂದ ಮೊದಲ ವಾರವೇ ಒಂದು ವಿಚಿತ್ರ ಕಂಡೆ. ಬೆಳಿಗ್ಗೆ ಸರಿಯಾಗಿ ಒಂಬತ್ತಕ್ಕೆ ಅಣ್ಣಾರು ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ ತೊಟ್ಟು, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಕೈಯಲ್ಲಿ ಊಟದ ಡಬ್ಬಿ ಹಿಡಿದು ಹೊಸ್ತಿಲ ಮೇಲೆ ನಿಂತರು. "ಡ್ಯೂಟಿಗೆ ಹೋಗಿ ಬರ್ತೀನಿ" ಎಂದರು. ಒಳಗಿನಿಂದ ಅಕ್ಕ, "ಹೂಂ, ಹುಷಾರು ಹೋಗ್ರಿ. ಬಸ್ಸಿನಾಗೆ ಕಿಟಕಿ ಕಡೆ ಕೂಡ್ರಿ" ಎಂದರು. ಇವರು ಚಪ್ಪಲಿ ಮೆಟ್ಟಿ ಹನ್ನೊಂದು ಹೆಜ್ಜೆ ನಡೆದು, ಮಹಡಿಗೆ ಹತ್ತುವ ಮೆಟ್ಟಿಲ ಕೆಳಗೆ ತಲೆ ತಗ್ಗಿಸಿ ನುಗ್ಗಿ, ಡಬ್ಬಿಯನ್ನು ಮೊಳೆಗೆ ನೇತುಹಾಕಿ, ಅಲ್ಲೇ ಕೂತುಬಿಟ್ಟರು. ಹನ್ನೆರಡೂವರೆಗೆ ಅಲ್ಲೇ ಡಬ್ಬಿ ಬಿಚ್ಚಿ ಉಂಡರು. ಐದಕ್ಕೆ ಅದೇ ಹನ್ನೊಂದು ಹೆಜ್ಜೆ ವಾಪಸು ನಡೆದು ಬಂದು, "ಬಂದೆ ನೋಡು" ಎಂದು ಕಾಲು ತೊಳೆದರು.

ನಾನು ನಮ್ಮ ಯಜಮಾನರಿಗೆ, "ಮನೆ ನೋಡೋವಾಗ ಅಕ್ಕಪಕ್ಕ ವಿಚಾರಿಸ್ಬೇಕಿತ್ತು ಕಣ್ರಿ" ಎಂದಿದ್ದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಒಂದು ದಿನ ಮೆಂತ್ಯೆ ಸೊಪ್ಪು ಸೋಸುತ್ತಾ ಅಕ್ಕನೇ ಎಲ್ಲ ಹೇಳಿದರು. ಅಣ್ಣಾರು ಹರಿಹರದ ಒಂದು ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ದುಡಿದು ನಿವೃತ್ತರಾಗಿ ಆಗಿನ್ನೂ ವರ್ಷವಾಗಿತ್ತು.

"ರಿಟೈರ್ ಆದ ಮಾರನೇ ದಿನ ನನ್ನ ಅಡುಗೆಮನೆ ಹೊಕ್ಕರು ನೋಡು," ಅಂದರು ಅಕ್ಕ. "ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿದ್ರು. ಸಾಸ್ವೆ ಡಬ್ಬಿ ಒಂದು ಮೂಲಿಗೆ, ಜೀರ್ಗಿ ಒಂದು ಮೂಲಿಗೆ. ನಾನು ದೋಸೆ ಹಾಕಿದ್ರೆ ಹಿಂದೆ ನಿಂತು ಗಡಿಯಾರ ನೋಡೋದು. 'ಹೋದ ದೋಸೆಗಿಂತ ಇದಕ್ಕೆ ಇಪ್ಪತ್ತು ಸೆಕೆಂಡ್ ಜಾಸ್ತಿ ಆತು' ಅನ್ನೋದು. ಎಂಟು ದಿನ ತಡ್ಕಂಡೆ. ಒಂಬತ್ತನೇ ದಿನ ಸೌಟು ತೋರ್ಸಿ ಹೇಳಿದೆ: ನೋಡ್ರಿ, ಈ ಶಾಪಿಗೆ ನಾನೇ ಫೋರ್‌ಮನ್. ನಿಮಗೆ ಇಲ್ಲಿ ಡ್ಯೂಟಿ ಹಾಕಿಲ್ಲ. ಡಬ್ಬಿ ಕಟ್ಟಿ ಕೊಡ್ತೀನಿ, ಎಲ್ಲಿಗಾರ ಹೋಗಿ ಸಂಜಿಗೆ ಬರ್ರಿ."

ಅಣ್ಣಾರು ಡಬ್ಬಿ ತಗೊಂಡು ಮೆಟ್ಟಿಲ ಕೆಳಗೆ ಹೋದರು. ಅಲ್ಲಿದ್ದ ಹಳೇ ಸೈಕಲ್ಲು, ಒಡೆದ ಕುಂಡ ಎಲ್ಲ ಆಚೆ ಹಾಕಿ, ಒಂದು ಹಲಗೆ, ಒಂದು ಹಿಡಿಗರಗಸ, ನಾಲ್ಕು ಉಳಿ ಇಟ್ಟುಕೊಂಡು ಕೂತರು. ಆವತ್ತು ಶುರುವಾದ ಡ್ಯೂಟಿ.

"ಹನ್ನೊಂದು ಹೆಜ್ಜೆಗೆ ಡಬ್ಬಿ ಯಾಕ ಅಕ್ಕಾ? ಮಧ್ಯಾಹ್ನ ಒಳಗೆ ಕರೆದು ಬಡಿಸಬಾರ್ದಾ?" ಅಂದೆ.

"ಬಡಿಸಿದ್ರೆ ಉಪ್ಪು ಮುಂದು, ಖಾರ ಹಿಂದು ಅಂತಾರೆ. ಡಬ್ಬಿ ಬಿಚ್ಚಿದೋರು ಯಾರಿಗೆ ಅಂತಾರೆ? ಮೂವತ್ತಾರು ವರ್ಷ ನನ್ನ ಡಬ್ಬಿಗೆ ಹೆಸರಿಡ್ಲಿಲ್ಲ ಆ ಮನುಷ್ಯ. ಇನ್ನು ಮುಂದೂ ಇಡೋದು ಬ್ಯಾಡ."

ಕಾರ್ಖಾನೆಯಲ್ಲಿ ಅವರದ್ದು ಮರದ ಕೆಲಸವೇ. ಕಬ್ಬಿಣದ ಕಾರ್ಖಾನೆಯಲ್ಲಿ ಮರದ ಕೆಲಸವೇನು ಅಂತ ನಾನೂ ಕೇಳಿದ್ದೆ. ಪ್ರಶ್ನೆ ಕೇಳಿದರೆ ಅಣ್ಣಾರು ತಟ್ಟನೆ ಉತ್ತರ ಕೊಡುವವರಲ್ಲ. ಮೊದಲು ಕೈಯಲ್ಲಿದ್ದ ಮರದ ಮೇಲಿನ ಹುಡಿಯನ್ನು "ಫೂ" ಅಂತ ಊದುವರು. ಊದಿ, ಹೆಬ್ಬೆಟ್ಟಿನಿಂದ ಒಂದು ಸಲ ಸವರಿ, ಆಮೇಲೆ ಬಾಯಿ ಬಿಡುವರು. ಎಡಗೈಯ ತೋರುಬೆರಳಿನ ತುದಿ ಇರಲಿಲ್ಲ. "ಅದನ್ನ ಮಷಿನ್ನಿಗೆ ಕೊಟ್ಟು ಬಂದೀನಿ, ಗ್ರಾಚುಟಿ ಅದು ನನಗೆ ಕೊಡ್ತು" ಎಂದು ನಗುತ್ತಿದ್ದರು.

"ಫೂ. ಕಬ್ಬಿಣದ ಸಾಮಾನು ಎರಕ ಹೊಯ್ಯಬೇಕಂದ್ರೆ ಮೊದ್ಲು ಅದರ ತರಾನೇ ಇರೋ ಸಾಮಾನು ಮರದಾಗೆ ಮಾಡ್ಬೇಕು ತಂಗಿ. ಅದನ್ನ ಮರಳಿನಾಗೆ ಒತ್ತಿ ತೆಗೀತಾರೆ. ಗುಂಡಿ ಉಳೀತೈತಲ್ಲ, ಅದಕ್ಕೆ ಕಾದ ಕಬ್ಬಿಣ ಹೊಯ್ತಾರೆ. ಆ ಮರದ್ದು ಮಾಡೋನು ನಾನು. ಸಾಮಾನು ಊರೆಲ್ಲ ತಿರುಗ್ತಿತ್ತು. ನನ್ನ ಮರದ್ದು ಗೋಡಾನಿನಾಗೆ ಧೂಳು ತಿಂತಿತ್ತು." ದೂರುವ ದನಿಯಲ್ಲಿ ಹೇಳಿದ್ದಲ್ಲ, ಕೆಲಸ ಹೇಗಿರುತ್ತದೆ ಅಂತ ತಿಳಿಸಲಿಕ್ಕೆ ಹೇಳಿದ್ದು.

ಮನೆಯಲ್ಲಿ ಅವರು ಮಾಡಿದ ಮೊದಲ ದೊಡ್ಡ ಕೆಲಸ ಅಕ್ಕನ ಅಡುಗೆಮನೆಗೆ ಒಂದು ಉದ್ದನೆ ಹಲಗೆ. ಎರಡು ಗೋಡೆಗಳ ನಡುವೆ ಆರಡಿ ಜಾಗ. ಅದಕ್ಕೆ ಸರಿಯಾಗಿ ಕೂರಬೇಕು, ಮೇಲೆ ಉಪ್ಪಿನಕಾಯಿ ಜಾಡಿಗಳು ನಿಲ್ಲಬೇಕು. ಮೂರು ದಿನ ಹತ್ತರಿ ಹೊಡೆದು ನಯ ಮಾಡಿ, ಅಂಚಿಗೆ ಬಳ್ಳಿ ಕೆತ್ತಿ, ಕನ್ನಡಿ ಹಾಗೆ ಹೊಳೆಯುವಂತೆ ಉಜ್ಜಿದರು. ಕೂರಿಸುವ ದಿನ ನನ್ನನ್ನೂ ಕರೆದರು. ಒಂದು ತುದಿ ಅವರು ಹಿಡಿದರು, ಇನ್ನೊಂದು ತುದಿ ನಾನು. ಹಲಗೆ ಕೂರಲಿಲ್ಲ. ಮುಕ್ಕಾಲು ಇಂಚು ಉದ್ದವಾಗಿತ್ತು.

ಅಣ್ಣಾರ ಮುಖ ನೋಡಲಾಗಲಿಲ್ಲ. ಗೋಡೆ ಅಳೆದರು, ಹಲಗೆ ಅಳೆದರು, ಮತ್ತೆ ಗೋಡೆ ಅಳೆದರು. ಆಮೇಲೆ ಹೊರಗೆ ಹೋಗಿ ಮೆಟ್ಟಿಲ ಕೆಳಗಿನಿಂದ ಒಂದು ಹಳೆಯ ಉಕ್ಕಿನ ಅಳತೆಪಟ್ಟಿ ತಂದು, ಅದನ್ನು ನಮ್ಮ ಟೇಪಿನ ಪಕ್ಕ ಇಟ್ಟು ನೋಡಿ, ನೆಲದ ಮೇಲೆ ಕೂತುಬಿಟ್ಟರು.

ಕಾದ ಕಬ್ಬಿಣ ಆರುವಾಗ ಕುಗ್ಗುತ್ತದಂತೆ. ಹಾಗಾಗಿ ಮರದ್ದನ್ನು ಬೇಕಾದ್ದಕ್ಕಿಂತ ಸ್ವಲ್ಪ ದೊಡ್ಡದಾಗಿಯೇ ಮಾಡಬೇಕು. ಪ್ರತಿ ಸಲ ಲೆಕ್ಕ ಹಾಕುವುದು ಬೇಡವೆಂದು ಅವರ ಕೆಲಸಕ್ಕೆ ಅಳತೆಪಟ್ಟಿಯೇ ಬೇರೆ ಇರುತ್ತದೆ. ಅದರಲ್ಲಿ ಒಂದು ಅಡಿ ಎಂದು ಬರೆದಿದ್ದರೆ ನಮ್ಮ ಅಡಿಗಿಂತ ಒಂದು ನೂಲು ಹೆಚ್ಚು, ಅಂದರೆ ಇಂಚಿನ ಎಂಟರಲ್ಲಿ ಒಂದು ಪಾಲು. ಗೋಡೆಯನ್ನು ಟೇಪಿನಲ್ಲಿ ಅಳೆದ ಅಣ್ಣಾರು, ಮರಕ್ಕೆ ಗೆರೆ ಹಾಕುವಾಗ ರೂಢಿಯ ಮೇಲೆ ಆ ಪಟ್ಟಿಗೆ ಕೈ ಹಾಕಿದ್ದರು. ಆರಡಿಗೆ ಆರು ನೂಲು.

ಅಕ್ಕ ಸೊಂಟದ ಮೇಲೆ ಕೈ ಇಟ್ಟುಕೊಂಡು ಎಲ್ಲ ಕೇಳಿಸಿಕೊಂಡರು. "ಹಂಗಾರೆ ಆರ್ಲಿ ಬಿಡ್ರಿ, ಕುಗ್ಗತೈತೆ. ಉಪ್ಪಿನಕಾಯಿ ಜಾಡಿ ಅಲ್ಲಿಗಂಟ ನಾನು ತಲೆ ಮೇಲೆ ಹೊತ್ಕಂಡಿರ್ತೀನಿ."

ನನಗೆ ನಗು ತಡೆಯಲಾಗಲಿಲ್ಲ. ಅಣ್ಣಾರೂ ನಕ್ಕರು. ನಕ್ಕ ಮೇಲೆ ಬೋಳು ಬೆರಳಿನಿಂದ ಆ ಪಟ್ಟಿಯನ್ನು ಸವರುತ್ತಾ, "ಕೈ ಇನ್ನೂ ಹರಿಹರದಾಗೇ ಐತೆ ನೋಡು ತಂಗಿ. ನಾನೊಬ್ಬನೇ ಮನೆಗೆ ಬಂದೀನಿ" ಎಂದರು. ನಿವೃತ್ತಿ ಬಗ್ಗೆ ಅವರು ಬೇಜಾರಿನ ಒಂದು ಮಾತು ಆಡಿದ್ದು ನಾನು ಕೇಳಿದ್ದು ಅದೊಂದೇ ಸಲ. ಮಾರನೇ ದಿನ ಹಲಗೆ ಕೊರೆದು ಕೂರಿಸಿದರು. ಪಟ್ಟಿಯನ್ನು ಬಿಸಾಡಲಿಲ್ಲ, ಗುರುತಿಗೆ ತುದಿಯಲ್ಲಿ ಕೆಂಪು ದಾರ ಕಟ್ಟಿಟ್ಟರು.

ಆಮೇಲೆ ಮೆಟ್ಟಿಲ ಕೆಳಗಿನಿಂದ ಏನೇನು ಬಂತೋ! ಅಕ್ಕನಿಗೆ ಅಳಗುಳಿ ಮಣೆ. ಮಧ್ಯಾಹ್ನ ನಾವಿಬ್ಬರೂ ಹುಣಸೆಬೀಜ ಹಾಕಿಕೊಂಡು ಆಡುತ್ತಿದ್ದೆವು, ಅಕ್ಕ ಬೀಜ ಕದಿಯುತ್ತಿದ್ದರು. ನನ್ನ ಹೊಲಿಗೆ ಮಷಿನ್ನಿಗೆ ಮುಚ್ಚಳ. ಮೊಮ್ಮಗಳಿಗೆ ಬುಗುರಿ, ಗೊಂಬೆಗೆ ಮಂಚ. ಅವರ ಮಗಳು, ಅಳಿಯ ಮಹಡಿಯ ಮೇಲೇ ಇರುತ್ತಾರೆ. ಮಗಳು ದಿನಾ ಹರಿಹರದ ಶಾಲೆಗೆ ಬಸ್ಸಿನಲ್ಲಿ ಹೋಗಿ ಬರುವ ಟೀಚರು. ಮೊಮ್ಮಗಳು ಹುಟ್ಟಿದಾಗಿನಿಂದ ತಾತನ ತೊಡೆಯ ಮೇಲೆ, ಮರದ ಹುಡಿಯಲ್ಲೇ ಬೆಳೆದಳು. ಅವಳು ಒಂದನೇ ಕ್ಲಾಸಿಗೆ ಸೇರಿದಾಗ ಓದೋಕೆ ಒಂದು ಮೇಜು ಮಾಡಿದರು. ಬೇಕೆಂದೇ ಕೆಂಪು ದಾರದ ಪಟ್ಟಿ ಹಿಡಿದು ಮಾಡಿದ್ದು. "ಕಬ್ಬಿಣ ಕುಗ್ಗತೈತೆ, ಈ ಕೂಸು ಹಿಗ್ಗತೈತೆ. ಹೆಂಗಾದ್ರೂ ಒಂದೀಟು ಜಾಗ ಬಿಟ್ಟಿರಬೇಕು" ಅಂದರು.

ಭಾನುವಾರ ಮಾತ್ರ ಉಳಿ ಮುಟ್ಟುತ್ತಿರಲಿಲ್ಲ. ಮೊಮ್ಮಗಳು ಬುಗುರಿಯ ಮೊಳೆ ಬಿದ್ದುಹೋಯ್ತು ಅಂತ ಅತ್ತರೂ, "ಇವತ್ತು ವಾರದ ರಜೆ, ನಾಳೆ ಶಾಪಿಗೆ ತಗಂಬಾ" ಎನ್ನುವರು. ಆವತ್ತು ಅಕ್ಕ ಅಕ್ಕಿ ಆರಿಸುತ್ತಿದ್ದರೆ ಪಕ್ಕದಲ್ಲಿ ಕೂತು ಹಳೇ ಕ್ಯಾಲೆಂಡರಿನ ಹಿಂದೆ ಹೂವು, ಬಳ್ಳಿ, ಗಿಣಿ ಬರೆಯುವರು. ಕಲ್ಲು ಸಿಕ್ಕರೆ ಅಕ್ಕ ಅದನ್ನು ಆ ಚಿತ್ರದ ಮೇಲೆ ಇಡುವರು, ಇವರು ಅದಕ್ಕೆ ಸುತ್ತ ಎಸಳು ಬರೆಯುವರು. ನಾನು ಇದನ್ನು ಕಾಂಪೌಂಡಿನ ಈ ಕಡೆಯಿಂದ ಎಷ್ಟು ಸಲ ನೋಡಿದ್ದೇನೋ. ಮನೆಯಲ್ಲಿ ಇರುವುದೂ ಒಂದು ಕೆಲಸ, ಅದನ್ನೂ ಕಲಿಯಬೇಕು ಅಂತ ನನಗೆ ಆಗ ಹೊಳೆದಿರಲಿಲ್ಲ.

ಹೊಳೆದದ್ದು ಮೂರು ವರ್ಷದ ಹಿಂದೆ, ನಮ್ಮ ಯಜಮಾನರು ನಿವೃತ್ತರಾದಾಗ.

ನಮ್ಮವರು ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ಕೊನೆಯ ವರ್ಷ ಎದೆ ನೋವು ಬಂದು ಸ್ಟೆಂಟ್ ಹಾಕಿದರು. ಆಮೇಲೆ ಡಿಪೋದಲ್ಲೇ ಕೂರಿಸಿ ಸಣ್ಣಪುಟ್ಟ ಕೆಲಸ ಕೊಟ್ಟಿದ್ದರು. ಹಾರ ಹಾಕಿಸಿಕೊಂಡು ಮನೆಗೆ ಬಂದ ಮೇಲೆ ಹತ್ತು ನಿಮಿಷ ಒಂದು ಕಡೆ ಕೂತಿದ್ದರೆ ಕೇಳಿ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಸ್ನಾನ ಮಾಡಿ ಬಸ್‌ಸ್ಟ್ಯಾಂಡಿಗೆ ಹೋಗುವರು. ಹಳೇ ಜತೆಗಾರರ ಜೊತೆ ಟೀ ಕುಡಿದು ಬರುವರು. ಮನೆಯಲ್ಲಿ ಫ್ಯಾನು ಜೋರಾಯಿತು, ಟೀವಿ ಸಣ್ಣದಾಯಿತು, ಪಲ್ಯಕ್ಕೆ ಎಣ್ಣೆ ಹೆಚ್ಚಾಯಿತು. ನಾನು ಮಾತಿಗೆ ಮಾತು ಕೊಡುತ್ತಿದ್ದೆ, ಸುಳ್ಳು ಹೇಳುವುದಿಲ್ಲ.

ಒಂದು ದಿನ ಬಸ್‌ಸ್ಟ್ಯಾಂಡಿನಿಂದ ಬೇಗ ಬಂದು ಗೋಡೆ ನೋಡುತ್ತಾ ಕೂತರು. ಸಂಜೆ ಹೇಳಿದರು. ಹೊಸದಾಗಿ ಬಂದ ಕಂಡಕ್ಟರ್ ಒಬ್ಬ, ಪ್ಲಾಟ್‌ಫಾರಂನಲ್ಲಿ ನಿಂತಿದ್ದ ಇವರನ್ನು, "ಅಜ್ಜಾ, ಎಲ್ಲಿಗೆ ಹೋಗ್ಬೇಕು?" ಎಂದು ಕೇಳಿದನಂತೆ.

"ನೀವೇನಂದ್ರಿ?"

"ಏನಂತ ಹೇಳ್ಲೇ? ಹರಿಹರ ಅಂದೆ. ಹತ್ತಿ ಕೂತು ಹೋಗಿ ಬಂದೆ."

ಅದಾದ ವಾರಕ್ಕೆ ಒಬ್ಬ ಖಾಸಗಿ ಬಸ್ಸಿನ ಮಾಲೀಕರಿಂದ ಫೋನು ಬಂತು. ಜನ ಮಲಗಿ ಹೋಗುವ ರಾತ್ರಿ ಬಸ್ಸು, ಅನುಭವ ಇರೋ ಡ್ರೈವರ್ ಬೇಕು, ಸೋಮವಾರ ಬಂದು ಗಾಡಿ ಓಡಿಸಿ ತೋರಿಸಿದರೆ ಸಾಕು. ನಮ್ಮವರ ಮುಖ ಬೆಳಗಿಹೋಯಿತು. ಸ್ಟೆಂಟಿನ ಸಂಗತಿ ಆ ಮಾಲೀಕರಿಗೆ ಹೇಳಿರಲಿಲ್ಲ. ನಾನು ಅತ್ತೆ, ಕೂಗಾಡಿದೆ, ಒಂದು ಹೊತ್ತು ಉಪವಾಸವೂ ಕೂತೆ. ಹಾರ್ಟಿನ ಡಾಕ್ಟರು ರಾತ್ರಿ ನಿದ್ದೆ ಕೆಡಬಾರದು ಅಂದಿದ್ದಾರೆ, ಹಿಂದೆ ಮೂವತ್ತು ಜನ ಮಲಗಿರ್ತಾರೆ, ಅವರ ಮಕ್ಕಳು ಮರಿ ಇಲ್ಲವಾ ಅಂದೆ. "ನಾನೇನು ಸತ್ತು ಹೋಗಿದೀನಾ? ಗೋಡೆ ನೋಡ್ಕಂಡು ಕೂತ್ರೆ ಇಲ್ಲೇ ಸಾಯ್ತೀನಿ" ಎಂದರು.

ಶುಕ್ರವಾರ ಮಧ್ಯಾಹ್ನ ಅಣ್ಣಾರ ಮುಂದೆ ಎಲ್ಲ ತೋಡಿಕೊಂಡೆ. "ನೀವಾದ್ರೂ ಬುದ್ಧಿ ಹೇಳ್ರಿ ಅಣ್ಣಾರೆ."

"ಫೂ. ಬುದ್ಧಿ ಹೇಳಿದ್ರೆ ಕೇಳೋ ವಯಸ್ಸೇನಮ್ಮ ಅವ್ರದ್ದು?" ಉಳಿ ಕೆಳಗಿಟ್ಟು ಅಂದರು. "ಎರಕ ಹೊಯ್ದ ಮ್ಯಾಲೆ ಕಬ್ಬಿಣ ತಾನಾಗೇ ಆರ್ಬೇಕು. ಗಡಿಬಿಡಿ ಮಾಡಿ ನೀರು ಸುರುದ್ರೆ ಸೀಳತೈತೆ. ನೀನು ಎರಡು ದಿನ ಸುಮ್ನಿರು. ಅಳಬ್ಯಾಡ, ಬೈಬ್ಯಾಡ."

ಶನಿವಾರ ಒಂದು ಗೂಡ್ಸ್ ಆಟೋ ಬಂದು ನಿಂತಿತು. ಕೊಂಡಜ್ಜಿ ಕಡೆಯ ಪರಿಚಯದ ರೈತರೊಬ್ಬರ ಹೊಲದ ಬದುವಿನಲ್ಲಿ ಬೇವಿನ ಮರ ಗಾಳಿಗೆ ಬಿದ್ದಿತ್ತಂತೆ, ಅದರದ್ದೊಂದು ದಿಮ್ಮಿ. ಅಕ್ಕ ಹೊರಗೆ ಬಂದು, "ಸಾಮಿಲ್ಲಿಗೆ ಹಾಕ್ಸಿದ್ರೆ ಹತ್ತು ನಿಮಿಷದ ಕೆಲ್ಸ. ಮನಿಗ್ಯಾಕ ತಂದ್ರಿ ಇದನ್ನ?" ಎಂದರು. ಅಣ್ಣಾರು ಕೇಳಿಸಲಿಲ್ಲವೆಂಬಂತೆ ಒಳಗಿನಿಂದ ಉದ್ದನೆ ಗರಗಸ ತೆಗೆದರು. ಎರಡೂ ತುದಿಗೆ ಹಿಡಿ ಇರುವಂಥದ್ದು, ಇಬ್ಬರು ಬೇಕು.

"ಡ್ರೈವರ್ ಸಾಹೇಬ್ರ," ಕಾಂಪೌಂಡಿನಾಚೆಗೆ ಕೂಗಿದರು. "ಒಂದೀಟು ಆ ಕಡೆ ಹಿಡ್ಕಳ್ರಿ. ನಿಮ್ಮಕ್ಕನ್ನ ಕರೆದ್ರೆ ಗರಗಸಕ್ಕೂ ಬೈತಾಳೆ, ನನಗೂ ಬೈತಾಳೆ."

ನಾನು ನಮ್ಮ ಮಹಡಿಯ ಮೇಲೆ ಮೆಣಸಿನಕಾಯಿ ಒಣ ಹಾಕುತ್ತಿದ್ದೆ. ನೋಡುತ್ತಿದ್ದಂತೆ ನಮ್ಮವರು ಹೋಗಿ ಹಿಡಿ ಹಿಡಿದರು. ಎಳೆದರು, ತಳ್ಳಿದರು. ಗರಗಸ ಬಳುಕಿ ಮರದೊಳಗೆ ಸಿಕ್ಕಿಕೊಂಡಿತು.

"ತಳ್ಳಬ್ಯಾಡ್ರಿ. ನಿಮ್ಮದು ಎಳೆಯೋದು ಅಷ್ಟೇ. ಎಳೆದ ಮ್ಯಾಲೆ ಕೈ ಸಡಿಲ ಬಿಡ್ರಿ, ನಾನು ಎಳ್ಕಂತೀನಿ."

"ತಳ್ಳದಿದ್ರೆ ಮುಂದಕ್ಕೆ ಹೆಂಗೆ ಹೋಗತೈತೆ ಅಣ್ಣಾರೆ?"

"ಅತ್ಲಾಗೆ ಒಬ್ಬ ಅದಾನಲ್ರಿ. ಬಸ್ಸಲ್ಲ ಇದು, ನೀವೊಬ್ರೇ ಓಡಿಸಾಕೆ."

ಹತ್ತು ಎಳೆತಕ್ಕೊಮ್ಮೆ ಅಣ್ಣಾರು ನಿಲ್ಲಿ ಎನ್ನುವರು. ಗರಗಸದ ಹಲ್ಲು ನೋಡುವವರ ಹಾಗೆ ಬಗ್ಗಿ ಅರ್ಧ ನಿಮಿಷ ಕಳೆಯುವರು. ಮತ್ತೆ ಹತ್ತು. ಮೂರನೇ ಸಲ ನಿಂತಾಗ ನಮ್ಮವರು ಎದೆಯ ಮೇಲೆ ಕೈ ಇಟ್ಟುಕೊಂಡು ದಿಮ್ಮಿಯ ಮೇಲೆ ಕುಸಿದು ಕೂತರು. ನಾನು ಮೆಣಸಿನಕಾಯಿ ಚೆಲ್ಲಿ ಮೆಟ್ಟಿಲಿಳಿದು ಓಡಿದೆ.

"ಸ್ಟೆಂಟ್ ಹಾಕ್ಸಿದೋರನ್ನ ಗರಗಸಕ್ಕೆ ಹಚ್ಚಿದ್ರಲ್ಲ ಅಣ್ಣಾರೆ! ಹಿರೇರು ಅಂತ ನಿಮ್ಮ ಹತ್ರ ಹೇಳ್ಕಂಡ್ರೆ ಇದೇನಾ ನೀವು ಮಾಡೋದು? ನಿಮ್ಮ ಕಟ್ಟಿಗೆಗೆ ಬೆಂಕಿ ಬೀಳ!" ಇನ್ನೂ ಏನೇನೋ ಅಂದೆ. ಬೀದಿಯವರು ಬಾಗಿಲಿಗೆ ಬಂದರು.

ಅಣ್ಣಾರ ಮುಖ ಬಿಳಿಚಿತ್ತು. ಅವರೂ ಹೆದರಿದ್ದರು ಅಂತ ಈಗ ಅನಿಸುತ್ತದೆ. "ಬೈ ತಂಗಿ. ನಿನಗೆ ಹಕ್ಕೈತೆ" ಎಂದಷ್ಟೇ ಹೇಳಿ, ಚೊಂಬಿನಲ್ಲಿ ನೀರು ತಂದು ನಮ್ಮವರ ಕೈಗೆ ಕೊಟ್ಟು, ಪಕ್ಕದಲ್ಲೇ ಕೂತರು.

"ನೋವಿಲ್ಲ ಕಣೇ, ಸುಮ್ನಿರು. ಉಸಿರು ಹತ್ತಿತು ಅಷ್ಟೇ" ಅಂದರು ನಮ್ಮವರು. ನೀರು ಕುಡಿದರು. ಉಸಿರು ಹದಕ್ಕೆ ಬರಲು ಬಹಳ ಹೊತ್ತು ಹಿಡಿಯಿತು. ತಮ್ಮ ಎರಡೂ ಅಂಗೈ ತಿರುಗಿಸಿ ನೋಡಿಕೊಂಡರು. ಆಮೇಲೆ ನನ್ನನ್ನಲ್ಲ, ಅಣ್ಣಾರನ್ನು ಕೇಳಿದರು: "ಮೂವತ್ತು ಎಳೆತಕ್ಕೇ ಸುಸ್ತಾದೆ. ರಾತ್ರಿಯೆಲ್ಲ ಸ್ಟೇರಿಂಗ್ ಹಿಡೀತೀನಾ ನಾನು?"

ಅಣ್ಣಾರು ದಿಮ್ಮಿಯ ಮೇಲಿನ ಹುಡಿ ಊದಿದರು. "ನನಗೆ ಬಸ್ಸಿನ ಕೆಲ್ಸ ಗೊತ್ತಿಲ್ರಿ. ನಿಮಗೆ ಗೊತ್ತೈತೆ."

ಅಷ್ಟೇ ಮಾತು. ನಾನು ಕೈ ಹಿಡಿದು ಕರೆದುಕೊಂಡು ಬಂದೆ. ಸಂಜೆ ಡಾಕ್ಟರ ಹತ್ತಿರ ಹೋಗಿ ತೋರಿಸಿದೆವು. ಏನೂ ಆಗಿಲ್ಲ, ಭಾರದ ಕೆಲಸ ಮಾಡಬೇಡಿ ಎಂದರು. ಅವತ್ತು ನಾನು ಅಣ್ಣಾರ ಮನೆ ಕಡೆ ತಿರುಗಿ ನೋಡಲಿಲ್ಲ. ಭಾನುವಾರವೂ ನೋಡಲಿಲ್ಲ. ನಮ್ಮವರು ಆ ದಿನವೆಲ್ಲ ಫೋನು ಕೈಯಲ್ಲಿ ಹಿಡಿದುಕೊಂಡು ಮಹಡಿಗೆ ಹೋಗುವರು, ಇಳಿದು ಬರುವರು. ಮಾಲೀಕರಿಗೆ ಏನು ಹೇಳಿದರೋ ನನಗೆ ಗೊತ್ತಾಗಲಿಲ್ಲ, ಕೇಳಲು ಧೈರ್ಯವೂ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ ಬಂದವರೇ, "ಖಾಕಿ ಅಂಗಿ ಎಲ್ಲಿಟ್ಟೀಯೇ?" ಎಂದರು.

ಟ್ರಂಕಿನಿಂದ ತೆಗೆದು ಕೊಟ್ಟೆ. ತೊಟ್ಟುಕೊಂಡರು, ಗುಂಡಿ ಹಾಕಿಕೊಂಡರು, ತಲೆ ಬಾಚಿದರು. "ಬರ್ತೀನಿ" ಅಂದರು. ನಾನು ಅಡುಗೆಮನೆಯಲ್ಲಿ ಒಲೆ ಕಟ್ಟೆ ಹಿಡಿದು ನಿಂತು ಕಿವಿಗೊಟ್ಟೆ. ನಮ್ಮ ಗೇಟು ತೆರೆಯಿತು. ಇನ್ನು ಸ್ಕೂಟರ್ ಶುರುವಾಗಬೇಕು. ಶುರುವಾಗಲಿಲ್ಲ. ಎಷ್ಟು ಹೊತ್ತಾದರೂ ಶುರುವಾಗಲಿಲ್ಲ. ಆಮೇಲೆ ಪಕ್ಕದ ಮನೆಯಿಂದ ಅಣ್ಣಾರ ದನಿ ಕೇಳಿತು.

"ಬರ್ರಿ ಬರ್ರಿ. ಏನಿದು, ಯೂನಿಫಾರ್ಮಿನಾಗೇ ಬಂದೀರಿ?"

"ಹುಡಿ ಬಟ್ಟೆಗೆಲ್ಲ ಹತ್ತತೈತೆ ಅಂತ ಬೈತಾಳೆ ಅಣ್ಣಾರೆ. ಇದಾದ್ರೆ ಹಳೇದು."

ನಾನು ಅಲ್ಲೇ ನೆಲದ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡೆ. ದಿಮ್ಮಿ ಶನಿವಾರ ಸಂಜೆಯೇ ಸಾಮಿಲ್ಲಿಗೆ ಹೋಗಿ ಹಲಗೆಯಾಗಿ ವಾಪಸು ಬಂದಿತ್ತಂತೆ.

ಅವತ್ತು ಮಧ್ಯಾಹ್ನ ಒಂದು ತಟ್ಟೆ ತುಂಬ ಒಗ್ಗರಣೆ ಮಂಡಕ್ಕಿ ಕಳಿಸಿದೆ. ಬೈದದ್ದಕ್ಕೆ ತಪ್ಪಾಯಿತು ಅನ್ನಲು ಬಾಯಿ ಬರಲಿಲ್ಲ, ಮಂಡಕ್ಕಿಗೆ ಶೇಂಗಾ ಹೆಚ್ಚು ಹಾಕಿದೆ. ಸಂಜೆ ತಟ್ಟೆ ಬಂತು. ಖಾಲಿ ತಟ್ಟೆ ವಾಪಸು ಕೊಡಬಾರದಲ್ಲ, ಅದರಲ್ಲಿ ಬೇವಿನ ಮರದ, ದೋಸೆ ಮೊಗಚೋ ಕೈ ಒಂದು ಇತ್ತು. ಅದನ್ನು ಕೆತ್ತಿದ್ದು ಅಣ್ಣಾರು, ಉಜ್ಜಿ ನುಣುಪು ಮಾಡಿದ್ದು ನಮ್ಮವರು. ಬರೀ ಒಂದು ಬದಿ ನುಣುಪಾಗಿತ್ತು.

ಮೊದಲ ಆರು ತಿಂಗಳು ಅಣ್ಣಾರು ನಮ್ಮವರಿಗೆ ಬರೀ ಪಾಲಿಶ್ ಪೇಪರ್ ಕೊಟ್ಟು ಉಜ್ಜಿಸಿದರು. ಉಜ್ಜಿದ್ದನ್ನು ಕಣ್ಣು ಮುಚ್ಚಿ ಅಂಗೈಯಿಂದ ಸವರಿ, "ಇನ್ನೊಂದು ಹತ್ತು ನಿಮಿಷ" ಎನ್ನುವರು. ಯಾವತ್ತೋ ಒಮ್ಮೆ "ಹೂಂ" ಎನ್ನುವರು. ಆ ದಿನ ನಮ್ಮವರು ಊಟಕ್ಕೆ ಕೂತವರೇ, "ಇವತ್ತು ಹೂಂ ಅಂದ್ರು ಕಣೇ" ಎಂದು ಒಂದು ರೊಟ್ಟಿ ಹೆಚ್ಚು ಹಾಕಿಸಿಕೊಳ್ಳುವರು. ಅವರು ಮಾಡಿದ ಮೊದಲ ಸ್ಟೂಲು ಮೂರು ಕಾಲಿನ ಮೇಲೆ ನಿಂತು ನಾಲ್ಕನೆಯದನ್ನು ಎತ್ತಿಕೊಂಡಿತು. ಅಣ್ಣಾರು ಅದನ್ನು ಸುತ್ತಲೂ ನೋಡಿ, "ಕ್ಲಚ್ಚಿನಿಂದ ಕಾಲು ಎತ್ತೀರೇನು ಡ್ರೈವರ್ ಸಾಹೇಬ್ರ?" ಅಂದರು. ಇಬ್ಬರೂ ಕೆಮ್ಮು ಬರುವವರೆಗೆ ನಕ್ಕರು. ನಾನೂ ಡಬ್ಬಿ ಕಟ್ಟಲು ಶುರು ಮಾಡಿದೆ. ಎರಡು ಮನೆಯ ಡಬ್ಬಿ ಎರಡು ಮೊಳೆಗೆ. ಯಾರ ಡಬ್ಬಿ ಯಾರು ಉಣ್ಣುತ್ತಿದ್ದರೋ, ನಮಗಿಬ್ಬರಿಗೂ ಗೊತ್ತಾಗುತ್ತಿರಲಿಲ್ಲ. ದೂರು ಮಾತ್ರ ಬರಲಿಲ್ಲ.

ಒಂದು ಸಲ ಅಕ್ಕನನ್ನು ಕೇಳಿದೆ, ಅವತ್ತು ಅಣ್ಣಾರು ಬೇಕೆಂದೇ ಆ ದಿಮ್ಮಿ ತರಿಸಿದರಾ ಅಂತ.

"ನನ್ನ ಕೂಡೆ ಹೇಳಿಲ್ಲ. ಆದ್ರೆ ಶುಕ್ರವಾರ ಸಂಜೆ ಡಾಕ್ಟರ ಹತ್ರ ಹೋಗಿ, ಸ್ಟೆಂಟ್ ಹಾಕ್ಸಿದೋರು ಎಷ್ಟು ಕೆಲ್ಸ ಮಾಡಬಹುದು ಅಂತ ಕೇಳ್ಕಂಡು ಬಂದಿದ್ರು. ಅವರೇನಂದ್ರೋ ಗೊತ್ತಿಲ್ಲ. ಶನಿವಾರ ನೀನು ಬೈದು ಹೋದ ಮ್ಯಾಲೆ ಊಟ ಮಾಡ್ಲಿಲ್ಲ. 'ತಪ್ಪು ಅಳತಿ ಹಾಕಿದ್ನೇನೋ' ಅಂತ ನಾಕು ಸಲ ಅಂದ್ರು."

ಅದನ್ನು ಕೇಳಿ ನನಗೆ ಸಂಕಟವಾಯಿತು. ಆದರೂ ಅವರ ಎದುರು ನಿಂತು ನಿಮ್ಮಿಂದ ನಮ್ಮ ಮನೆ ಉಳಿಯಿತು ಅಂತ ಹೇಳಲಿಲ್ಲ. ದಿನಾ ಕಾಣುವವರಿಗೆ ಹಾಗೆಲ್ಲ ಹೇಳುವುದು ಹೇಗೆ? ನಾಳೆ ಹೇಳೋಣ ಅನ್ನುತ್ತಲೇ ಇದ್ದೆ.

ಹೋದ ಕಾರ್ತೀಕದ ಒಂದು ಭಾನುವಾರ ಬೆಳಿಗ್ಗೆ ಅಕ್ಕ ಕಾಫಿ ತಂದಾಗ ಅಣ್ಣಾರು ಎದ್ದಿರಲಿಲ್ಲ. ಮಲಗಿದ್ದ ಹಾಗೇ ಹೋಗಿದ್ದರು. ಅಕ್ಕ ಅತ್ತು ಅತ್ತು, "ರಜಾ ದಿನ ನೋಡ್ಕಂಡು ಹೋಗ್ಯಾರೆ ನೋಡು, ಡ್ಯೂಟಿಗೆ ಒಂದಿನ ತಪ್ಪಿಸ್ಲಿಲ್ಲ" ಎಂದರು. ಹದಿನೈದು ದಿನ ಕಳೆದ ಮೇಲೆ ಅಕ್ಕನೇ ನಮ್ಮವರನ್ನು ಕರೆದು, "ಬೀಗ ಹಾಕಿದ್ರೆ ಉಳಿಗೆಲ್ಲ ತುಕ್ಕು ಹಿಡೀತೈತೆ. ನೀವು ಬರ್ರಿ" ಎಂದರು. ನಮ್ಮವರು ಹೋಗುತ್ತಿದ್ದಾರೆ. ಈಗ ಅವರು ಮಾಡುವ ಸ್ಟೂಲು ನಾಲ್ಕು ಕಾಲಿನ ಮೇಲೆ ನಿಲ್ಲುತ್ತದೆ. ಮೊಮ್ಮಗಳು ಶಾಲೆಯಿಂದ ಬಂದು ಪಕ್ಕ ಕೂತು ಹುಡಿ ಊದುತ್ತಾಳೆ.

ಇವತ್ತು ಮಗಳು ಅಳಿಯ ಕೆಲಸಕ್ಕೆ, ಮೊಮ್ಮಗಳು ಶಾಲೆಗೆ ಹೋದ ಮೇಲೆ ಅಕ್ಕ, "ಒಬ್ಬಳಿಗೇ ಒಲೆ ಹಚ್ಚೋಕೆ ಬೇಜಾರು ಕಣೇ" ಎಂದು ನಮ್ಮ ಮನೆಗೆ ಬಂದರು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳಿನ ಉಸಳಿ, ಶೇಂಗಾ ಚಟ್ನಿಪುಡಿಗೆ ಗಟ್ಟಿ ಮೊಸರು, ಕೊನೆಗೆ ಒಂದೊಂದು ಹಿಡಿ ಅನ್ನಕ್ಕೆ ಸಾರು. ಇವತ್ತು ಡಬ್ಬಿ ಕಟ್ಟಿರಲಿಲ್ಲ, ನಮ್ಮವರೂ ಹನ್ನೆರಡೂವರೆಗೆ ಬಂದು ಕೂತರು. ಪುಂಡಿಪಲ್ಯಕ್ಕೆ ಇನ್ನೊಂದೀಟು ಬೆಳ್ಳುಳ್ಳಿ ಬೇಕಿತ್ತು ಅಂದರು ಅಕ್ಕ. ಹೇಳುತ್ತಲೇ ಎರಡು ಸಲ ಹಾಕಿಸಿಕೊಂಡರು. ಉಂಡ ಮೇಲೆ ಫ್ಯಾನಿನ ಕೆಳಗೆ ಚಾಪೆ ಹಾಸಿಕೊಟ್ಟೆ. ತೊಗರಿಬೇಳೆ ತುಟ್ಟಿಯಾದ ಮಾತು ಹೇಳುತ್ತಿದ್ದವರು ಅರ್ಧ ಮಾತಿಗೇ ನಿದ್ದೆ ಹೋದರು.

ನಮ್ಮವರು ಕೆಲಸಕ್ಕೆ ಹೊರಡಲು ಎದ್ದವರು, ಬಾಗಿಲ ತನಕ ಹೋಗಿ, ಚಿಲಕದ ಮೇಲೆ ಕೈ ಇಟ್ಟು ತಿರುಗಿ ಅಕ್ಕನನ್ನು ನೋಡಿದರು. ನಮ್ಮ ಬಾಗಿಲು ಎಳೆದರೆ ಜೋರು ಸದ್ದು ಮಾಡುತ್ತದೆ. ಕೈ ತೆಗೆದು, ಮೆಲ್ಲಗೆ ಬಂದು ಕುರ್ಚಿಯ ಮೇಲೆ ಕೂತರು. ನಾನೂ ಗೋಡೆಗೊರಗಿದೆ, ಹಾಗೇ ಕಣ್ಣು ಹತ್ತಿತು.

ಮೊದಲು ಮಲಗಿದ್ದು ಅಕ್ಕ, ಆಮೇಲೆ ನಾನು. ನನಗೆ ಎಚ್ಚರವಾದಾಗ ಮೂರು ಗಂಟೆ ದಾಟಿತ್ತು. ಅಕ್ಕ ಇನ್ನೂ ಮಲಗಿದ್ದರು. ಒಂದು ಕಾಲಕ್ಕೆ ಹತ್ತು ನಿಮಿಷ ಕೂರಲಾಗದ ನಮ್ಮವರು ಮೊಣಕಾಲ ಮೇಲೆ ಕೈ ಇಟ್ಟುಕೊಂಡು ಆ ಕುರ್ಚಿಯ ಮೇಲೇ ಕೂತಿದ್ದರು.